ಹಿಂಬದಿಯನ್ನೂ ನೋಡು, ಮಗಾ

ಹಳೇ ರೈಲ್ವೆ ಕಂಪನಿಯ ಷೇರು ಪತ್ರ ಸಿಕ್ಕಿತೆಂದು ಮಾಲೂರಿನಿಂದ ಬೈಕಿನಲ್ಲಿ ಓಡೋಡಿ ಬಂದೆಯಲ್ಲ, ಆ ಹುರುಪು ನನಗಿಷ್ಟ. ಆದರೆ ನಾನು ಕನ್ನಡಕ ಹುಡುಕುವಷ್ಟರಲ್ಲೇ ‘ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ಹಾಕ್ತೀನಿ ತಾತಾ’ ಅಂದೆ. ಬೇಯೋವರೆಗೂ ಕಾದವನಿಗೆ ಆರೋವರೆಗೂ ಕಾಯೋಕಾಗಲ್ವೇನೋ?

ಮೊದಲು ಓದು. ಯಾವ ಕಂಪನಿ, ಯಾವ ಇಸವಿ, ಯಾರ ಹೆಸರು, ಅವರದು ಯಾವ ಊರು. 1864ರಲ್ಲಿ ನಿಮ್ಮ ಮಾಲೂರಿನ ಮೇಲೆ ಬೆಂಗಳೂರಿಗೆ ರೈಲು ತಂದದ್ದು ಮದ್ರಾಸ್ ರೈಲ್ವೆ ಕಂಪನಿ. ಅದರ ಬಂಡವಾಳ ಇಂಗ್ಲೆಂಡಿನದು. ರೈಲಿಗೆ ಲಾಭ ಬರಲಿ ಬಿಡಲಿ, ಷೇರುದಾರರ ಬಡ್ಡಿಗೆ ಸರ್ಕಾರವೇ ಜಾಮೀನು. ಕಡಿಮೆ ಬಿದ್ದದ್ದನ್ನು ತುಂಬಿಕೊಟ್ಟದ್ದು ಈ ದೇಶದ ಜನ ಕಟ್ಟಿದ ಕಂದಾಯ. ಚಿನ್ನದ ಗಣಿಯ ಬಂಡವಾಳವೂ ಇಂಗ್ಲೆಂಡಿನದೇ. 1880ರ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಲಂಡನ್ನಿನದು, ಜೀವ ಒತ್ತೆಯಿಟ್ಟು ಗಣಿಗಿಳಿದವರು ಕೂಲಿಗಳು. ಪತ್ರದ ಮೇಲಿನ ವಿಳಾಸ ಓದಿದರೆ ದುಡ್ಡು ಯಾವ ಕಡೆ ಹರಿಯಿತೆಂದು ತಿಳಿಯುತ್ತದೆ. ಅದಕ್ಕೇ ಹೇಳೋದು, ‘ಮುಳಬಾಗಿಲಿನ ಅಟ್ಟದಲ್ಲಿ ಸಿಕ್ಕಿತು ಸಾರ್’ ಎಂದು ಯಾರಾದರೂ ಇಂಥದ್ದನ್ನು ಮಾರಲು ಬಂದರೆ ತಕ್ಷಣ ಜೇಬಿಗೆ ಕೈ ಹಾಕಬೇಡ. ಮುದ್ರೆಯ ಉಬ್ಬನ್ನು ಬೆರಳಲ್ಲಿ ಸವರು. ಭೂತಗನ್ನಡಿ ಹಿಡಿ; ಸಹಿಯೆಲ್ಲ ಬಣ್ಣದ ಚುಕ್ಕಿಚುಕ್ಕಿಯಾಗಿ ಕಂಡರೆ ಅದು ನಕಲು.

ಆಮೇಲೆ ತಿರುಗಿಸು. ನಮ್ಮ ದೇಶದ ಕಂಪನಿಗಳ ಹಳೇ ಪತ್ರದ ಹಿಂಬದಿಯಲ್ಲಿ ಷೇರು ಯಾರಿಂದ ಯಾರಿಗೆ ಹೋಯಿತೆಂದು ಸಾಲುಸಾಲಾಗಿ ಬರೆದಿರುತ್ತಾರೆ. ನನಗೆ ಈ ಹವ್ಯಾಸದ ರುಚಿ ಹತ್ತಿದ್ದೇ ಅಲ್ಲಿ. ಕಂಪನಿ ಇನ್ನೂ ಬದುಕಿದ್ದು, ಹೆಸರು ನಿಮ್ಮ ಮನೆಯವರದೇ ಆಗಿದ್ದರೆ ಚೌಕಟ್ಟು ಹಾಕಿಸೋದು ಆಮೇಲಿರಲಿ, ಮೊದಲು ವಿಚಾರಿಸು. ಸತತ 7 ವರ್ಷ ಡಿವಿಡೆಂಡ್ ಕೇಳದೆ ಬಿಟ್ಟ ಷೇರು ಸರ್ಕಾರದ ನಿಧಿಗೆ ಹೋಗಿರುತ್ತದೆ. ವಾರಸುದಾರರು ಅರ್ಜಿ ಹಾಕಿ ವಾಪಸ್ ಪಡೆಯಬಹುದು.

ಲ್ಯಾಮಿನೇಷನ್ ಮಾತ್ರ ಬೇಡವೇ ಬೇಡ, ಅದೂ ಅಂಟೇ. ನಿನ್ನ ವಯಸ್ಸಿನಲ್ಲಿ ನಾನೂ ಹರಿದ ಪತ್ರವೊಂದಕ್ಕೆ ಸೆಲೋಟೇಪ್ ಅಂಟಿಸಿದ್ದೆ. ಅಂಟು ಹಳದಿಯಾಗಿ ಒಂದು ಸಹಿಯನ್ನೇ ನುಂಗಿತು. ಇವತ್ತಿಗೂ ತೆಗೆದು ನೋಡಿದರೆ ಹೊಟ್ಟೆ ಉರಿಯುತ್ತೆ.

ಇಂಥ ಪತ್ರ ಕೊಳ್ಳಲು ದುಡ್ಡು ಸಾಲದಿದ್ದರೆ ಹತ್ತಿರದ್ದರಿಂದ ಶುರುಮಾಡು. ಶ್ರೀನಿವಾಸಪುರದ ಮೇಲೆ ಓಡುತ್ತಿದ್ದ ಎರಡೂವರೆ ಅಡಿ ಹಳಿಯ ಚಿಕ್ಕ ರೈಲಿನ ರಟ್ಟಿನ ಟಿಕೆಟ್ ಯಾವುದಾದರೂ ಹಳೇ ಪುಸ್ತಕದೊಳಗೆ ಸಿಕ್ಕೀತು. ಅದರಲ್ಲಿ ಓಡಾಡಿದವರು ಇನ್ನೂ ಇದ್ದಾರೆ, ಹೋಗಿ ಕೇಳು.

ಭಾನುವಾರ ಆ ಪತ್ರ ತಗೊಂಡು ಬಾ. ಮಡಚಬೇಡ. ಹಿಂಬದಿಯನ್ನು ನಾವಿಬ್ಬರೂ ಇನ್ನೂ ಓದಿಲ್ಲ.