ಲಿನಕ್ಸ್: ಮನೆಗೆ ಯಾವುದು, ಕಚೇರಿಗೆ ಯಾವುದು?

ನಮ್ಮಲ್ಲಿ ಅನೇಕರ ಮನೆಗಳಲ್ಲಿ ಏಳೆಂಟು ವರ್ಷಗಳ ಹಿಂದೆ ಕೊಂಡ ಕಂಪ್ಯೂಟರ್ ಒಂದು ಇದ್ದೇ ಇರುತ್ತದೆ. ಪರದೆ ಸರಿಯಾಗಿದೆ, ಕೀಲಿಗಳು ಸರಿಯಾಗಿವೆ. ಮಕ್ಕಳ ಪಾಠಕ್ಕೂ, ಬ್ಯಾಂಕಿನ ವ್ಯವಹಾರಕ್ಕೂ, ಊರಿನವರೊಡನೆ ಮುಖ ನೋಡಿ ಮಾತನಾಡುವುದಕ್ಕೂ ಅದು ಇದುವರೆಗೆ ಒದಗಿಬಂದಿದೆ. ಆದರೆ ಅಂತಹ ಯಂತ್ರಗಳಲ್ಲಿ ಸಾಮಾನ್ಯವಾಗಿರುವ ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯವರ ಸಾಮಾನ್ಯ ಪೋಷಣೆಯು ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ಪೋಷಣೆ ಮುಗಿಯಿತೆಂದರೆ ಯಂತ್ರ ನಿಂತುಹೋಯಿತೆಂದಲ್ಲ. ಕಳ್ಳರು ನುಗ್ಗಬಹುದಾದ ಹೊಸ ಬಿರುಕು ಕಂಡುಬಂದರೆ ಅದನ್ನು ಮುಚ್ಚುವವರು ಇಲ್ಲವೆಂದು ಅರ್ಥ. ವಿಂಡೋಸ್ ೧೧ನ್ನು ಹಾಕಿಸೋಣವೆಂದರೆ, ಅದು ಕೇಳುವ ಟಿಪಿಎಂ ೨.೦ ಎಂಬ ರಕ್ಷಣಾ ಸಾಧನವಾಗಲಿ, ಅದರ ಪಟ್ಟಿಯಲ್ಲಿರುವ ಪ್ರೊಸೆಸರಾಗಲಿ ಎಷ್ಟೋ ಹಳೆಯ ಯಂತ್ರಗಳಲ್ಲಿ ಇಲ್ಲ. ಹೊಸದನ್ನೇ ಕೊಳ್ಳೋಣವೆಂದರೆ ಗುಮಾಸ್ತನಿಗೆ ಒಂದೆರಡು ತಿಂಗಳ ಸಂಬಳವೇ ಬೇಕು.

ಇಂತಹ ಸಂದರ್ಭದಲ್ಲಿ ಯಾರಾದರೊಬ್ಬರು, "ಲಿನಕ್ಸ್ ಹಾಕಿಸಿ, ದುಡ್ಡು ಕೊಡಬೇಕಾಗಿಲ್ಲ" ಎಂದು ಹೇಳುತ್ತಾರೆ. ಅದು ನಿಜವಾದ ಮಾತೇ. ಆದರೆ ಹಾಕಿಸಲು ಹೊರಟವರಿಗೆ ಮೊದಲ ಹೆಜ್ಜೆಯಲ್ಲಿಯೇ ತೊಡಕು. ಉಬುಂಟು, ಮಿಂಟ್, ಡೆಬಿಯನ್, ಫೆಡೋರಾ, ಆರ್ಚ್ ಎಂದು ಹತ್ತಾರು ಹೆಸರುಗಳು. ಹತ್ತು ಜನರನ್ನು ಕೇಳಿದರೆ ಹತ್ತು ಸಲಹೆಗಳು. ಈ ಗೊಂದಲವನ್ನು ಬಿಡಿಸಿಕೊಳ್ಳುವ ಒಂದು ಕ್ರಮವನ್ನು ವಾಚಕರ ಮುಂದಿಡುವುದೇ ಈ ಪಾಠದ ಉದ್ದೇಶ.

ವಿತರಣೆ ಎಂದರೇನು?

ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ಅವರು ೧೯೯೧ರ ಆಗಸ್ಟ್ ೨೫ರಂದು ತಾವು ಬರೆಯುತ್ತಿದ್ದ ಆಪರೇಟಿಂಗ್ ಸಿಸ್ಟಂ ಒಂದರ ವಿಷಯವನ್ನು ಲೋಕಕ್ಕೆ ತಿಳಿಸಿದರು. ಅವರು ಬರೆದದ್ದು ಕರ್ನೆಲ್ ಎಂಬ ತಿರುಳನ್ನು ಮಾತ್ರ. ಅದಕ್ಕೆ ಮೊದಲೇ, ೧೯೮೩ರಲ್ಲಿ, ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಅವರು ಗ್ನೂ ಎಂಬ ಯೋಜನೆಯನ್ನು ಪ್ರಕಟಿಸಿ, ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ತಂತ್ರಾಂಶಗಳನ್ನು ಸಿದ್ಧಪಡಿಸುವ ಕೆಲಸ ಆರಂಭಿಸಿದ್ದರು. ತಿರುಳು, ಈ ತಂತ್ರಾಂಶಗಳು, ಕಿಟಕಿ ಮೆನುಗಳ ಹೊರರೂಪ ಇವೆಲ್ಲವನ್ನೂ ಒಟ್ಟುಗೂಡಿಸಿ, ಒಂದಕ್ಕೊಂದು ಹೊಂದುವಂತೆ ಪರೀಕ್ಷಿಸಿ, ಬಳಸುವವರ ಕೈಗೆ ಕೊಡುವ ಕಟ್ಟಿಗೆ 'ವಿತರಣೆ' ಎಂದು ಹೆಸರು. ಅಕ್ಕಿ ಒಂದೇ ಆದರೂ ಉಡುಪಿ ಹೋಟೆಲಿನ ಊಟ ಬೇರೆ, ಧಾರವಾಡದ ಖಾನಾವಳಿಯ ಊಟ ಬೇರೆ ಅಲ್ಲವೆ? ಹಾಗೆಯೇ ಇದೂ. ನಮ್ಮ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನೊಳಗೂ ಇದೇ ತಿರುಳಿದೆ. ಆದುದರಿಂದ ಲಿನಕ್ಸ್ ನಮಗೆ ತೀರ ಅಪರಿಚಿತವಾದುದೇನೂ ಅಲ್ಲ.

ತಿರುಳು ಒಂದೇ ಆದಮೇಲೆ ಯಾವ ವಿತರಣೆ ಶ್ರೇಷ್ಠವೆಂದು ಕೇಳುವುದರಲ್ಲಿ ಅಷ್ಟು ಅರ್ಥವಿಲ್ಲ. ಕೇಳಬೇಕಾದ ಪ್ರಶ್ನೆಗಳು ಮೂರು: ಅದರ ಪೋಷಣೆ ಎಷ್ಟು ವರ್ಷ? ನನ್ನ ಯಂತ್ರದ ಶಕ್ತಿ ಎಷ್ಟು? ಅದರಿಂದ ಆಗಬೇಕಾದ ಕೆಲಸವೇನು?

ಮೊದಲ ಪ್ರಶ್ನೆ: ಪೋಷಣೆಯ ಅವಧಿ

ಪರಸ್ಥಳದಲ್ಲಿ ಖೋಲಿ ಹಿಡಿಯುವಾಗ ಗೋಡೆಯ ಬಣ್ಣಕ್ಕಿಂತ ಮೊದಲು ಕರಾರುಪತ್ರದ ಅವಧಿಯನ್ನು ನೋಡುತ್ತೇವೆ. ವಿತರಣೆಯ ವಿಷಯದಲ್ಲಿಯೂ ಹಾಗೆಯೇ ನೋಡತಕ್ಕದ್ದು.

ಉಬುಂಟು ೨೦೦೪ರಲ್ಲಿ ಹೊರಬಂದಿತು. ಸಮಸಂಖ್ಯೆಯ ವರ್ಷಗಳ ಏಪ್ರಿಲ್ ತಿಂಗಳಲ್ಲಿ ಅದರ 'ಎಲ್‌ಟಿಎಸ್', ಅಂದರೆ ದೀರ್ಘ ಪೋಷಣೆಯ ಆವೃತ್ತಿ ಬರುತ್ತದೆ; ಅದಕ್ಕೆ ಐದು ವರ್ಷಗಳ ಪೋಷಣೆ. ನಡುವೆ ಬರುವ ಇತರ ಆವೃತ್ತಿಗಳಿಗೆ ಒಂಬತ್ತು ತಿಂಗಳು ಮಾತ್ರ. ಹೆಸರು ಒಂದೇ ಆದುದರಿಂದ ಎಷ್ಟೋ ಜನ ತಿಳಿಯದೆ ಒಂಬತ್ತು ತಿಂಗಳದ್ದನ್ನು ಹಾಕಿಸಿಕೊಂಡು ಆಮೇಲೆ ಪೇಚಾಡುತ್ತಾರೆ. ೨೦೦೬ರಲ್ಲಿ ಆರಂಭವಾದ ಲಿನಕ್ಸ್ ಮಿಂಟ್‌ನ ಮುಖ್ಯ ಆವೃತ್ತಿಯು ಉಬುಂಟುವಿನ ದೀರ್ಘ ಆವೃತ್ತಿಯ ಮೇಲೆಯೇ ಕಟ್ಟಿದ್ದು. ೨೦೨೪ರ ಜುಲೈಯಲ್ಲಿ ಬಂದ ಮಿಂಟ್ ೨೨ಕ್ಕೆ ೨೦೨೯ರವರೆಗೆ ಪೋಷಣೆಯುಂಟು. ೧೯೯೩ರಲ್ಲಿ ಇಯಾನ್ ಮರ್ಡಾಕ್ ಅವರು ಸ್ಥಾಪಿಸಿದ ಡೆಬಿಯನ್ ಯಾವ ಕಂಪನಿಯ ಸ್ವತ್ತೂ ಅಲ್ಲ. ಸ್ವಯಂಸೇವಕರು ನಡೆಸುವ ಸಂಘ. ಅದರ ಒಂದೊಂದು ಆವೃತ್ತಿಗೆ ಮೂರು ವರ್ಷ ಪೂರ್ಣ ಪೋಷಣೆ, ಮುಂದೆ ಎರಡು ವರ್ಷ ಮಿತವಾದ ಪೋಷಣೆ. ಫೆಡೋರಾದಲ್ಲಿ ಆರು ತಿಂಗಳಿಗೊಂದು ಹೊಸ ಆವೃತ್ತಿ. ಪ್ರತಿಯೊಂದಕ್ಕೂ ಸುಮಾರು ಹದಿಮೂರು ತಿಂಗಳ ಪೋಷಣೆ. ಹೊಸ ತಂತ್ರವನ್ನು ಬೇಗನೆ ಕಾಣಬೇಕೆನ್ನುವವರಿಗೆ ಅದು ಒಳ್ಳೆಯದು. ಆರ್ಚ್‌ಗೆ ಆವೃತ್ತಿಗಳೇ ಇಲ್ಲ. ಹೊಸತು ನಿತ್ಯವೂ ಹರಿದುಬರುತ್ತದೆ, ನೋಡಿಕೊಳ್ಳುವ ಕೆಲಸವೂ ನಿತ್ಯವೂ ಇರುತ್ತದೆ. ಹತ್ತು ಗಂಟೆ ದುಡಿದು ಲೋಕಲ್ ರೈಲಿನಲ್ಲಿ ನಿಂತು ಮನೆಗೆ ಬರುವವರಿಗೆ ಅದು ತಕ್ಕದ್ದಲ್ಲ.

ಕಚೇರಿಯ ಸರ್ವರ್‌ಗಳ ಪಾಲಿಗೆ ಈ ಅವಧಿ ಎಷ್ಟು ಮುಖ್ಯವೆಂಬುದಕ್ಕೆ ಸೆಂಟ್‌ಓಎಸ್‌ನ ಕಥೆಯೇ ಸಾಕ್ಷಿ. ೨೦೧೯ರ ಸೆಪ್ಟೆಂಬರಿನಲ್ಲಿ ಬಂದ ಅದರ ಎಂಟನೆಯ ಆವೃತ್ತಿಗೆ ೨೦೨೯ರವರೆಗೆ ಪೋಷಣೆ ಇರುವುದೆಂದು ಎಲ್ಲರೂ ನಂಬಿದ್ದರು. ೨೦೨೦ರ ಡಿಸೆಂಬರಿನಲ್ಲಿ, ೨೦೨೧ರ ಕೊನೆಗೇ ಅದು ಮುಗಿಯುವುದೆಂಬ ಪ್ರಕಟಣೆ ಬಂದಿತು. ನಂಬಿದವರು ಒಂದೇ ವರ್ಷದಲ್ಲಿ ಗಂಟುಮೂಟೆ ಕಟ್ಟಬೇಕಾಯಿತು. ಅವರಿಗೆ ನೆಲೆ ಕೊಡಲೆಂದು ೨೦೨೧ರಲ್ಲಿ ಆಲ್ಮಾಲಿನಕ್ಸ್ ಮತ್ತು ರಾಕಿ ಲಿನಕ್ಸ್ ಎಂಬ ಎರಡು ವಿತರಣೆಗಳು ಹುಟ್ಟಿದವು. ಇವೆರಡೂ ಹತ್ತು ವರ್ಷಗಳ ಪೋಷಣೆಯ ಗುರಿ ಇಟ್ಟುಕೊಂಡಿವೆ. ಅವಧಿಯನ್ನು ಮಾತ್ರವಲ್ಲ, ಮಾತು ಕೊಟ್ಟವರು ಯಾರೆಂಬುದನ್ನೂ ನೋಡಬೇಕೆಂಬುದು ಇದರಿಂದ ಕಲಿಯಬೇಕಾದ ಪಾಠ.

ಎರಡನೆಯ ಪ್ರಶ್ನೆ: ಯಂತ್ರದ ಶಕ್ತಿ

ಯಂತ್ರದಲ್ಲಿ ರ‍್ಯಾಮ್ ಎಷ್ಟಿದೆಯೆಂದು ಮೊದಲು ನೋಡಿಕೊಳ್ಳಿ. ಎಂಟು ಗಿಗಾಬೈಟ್ ಇದ್ದರೆ ಯಾವ ವಿತರಣೆಗೂ ಚಿಂತೆಯಿಲ್ಲ. ನಾಲ್ಕು ಇದ್ದರೆ ಮಿಂಟ್‌ನ ಎಕ್ಸ್‌ಎಫ್‌ಸಿಇ ರೂಪವೋ, ಅದೇ ಹೊರರೂಪದ ಡೆಬಿಯನ್ನೋ ಅನುಕೂಲ. ಎಕ್ಸ್‌ಎಫ್‌ಸಿಇ ಎಂಬುದು ಹಗುರವಾದ ಹೊರರೂಪ. ಅಲಂಕಾರ ಕಡಿಮೆ, ಯಂತ್ರಕ್ಕೆ ಭಾರವೂ ಕಡಿಮೆ. ಎರಡೇ ಗಿಗಾಬೈಟ್ ಇರುವ ಯಂತ್ರವೂ ನಡೆಯುತ್ತದೆ. ಆದರೆ ಇಲ್ಲೊಂದು ಸತ್ಯವನ್ನು ಹೇಳಲೇಬೇಕು: ಇಂದಿನ ಜಾಲತಾಣಗಳೇ ಭಾರವಾಗಿರುವುದರಿಂದ ಬ್ರೌಸರಿನಲ್ಲಿ ನಾಲ್ಕಾರು ಪುಟ ತೆರೆದ ಕೂಡಲೇ ಅಂತಹ ಯಂತ್ರ ಏದುಸಿರು ಬಿಡುತ್ತದೆ. ಅದಕ್ಕೆ ಯಾವ ಲಿನಕ್ಸಿನಲ್ಲಿಯೂ ಮದ್ದಿಲ್ಲ. ಹಳೆಯ ಹಾರ್ಡ್ ಡಿಸ್ಕನ್ನು ತೆಗೆಸಿ ಎಸ್‌ಎಸ್‌ಡಿ ಹಾಕಿಸಿದರೆ, ರ‍್ಯಾಮ್ ಹೆಚ್ಚಿಸಿದರೆ, ವಿತರಣೆ ಬದಲಿಸಿದ್ದಕ್ಕಿಂತ ಹೆಚ್ಚಿನ ವ್ಯತ್ಯಾಸ ಕಾಣುವುದುಂಟು.

ತೀರ ಹಳೆಯ ಯಂತ್ರಗಳು ೩೨ ಬಿಟ್‌ನವು. ಉಬುಂಟುವೂ ಮಿಂಟ್‌ನ ಮುಖ್ಯ ಆವೃತ್ತಿಯೂ ಅವುಗಳನ್ನು ಕೈಬಿಟ್ಟು ವರ್ಷಗಳಾದವು. ೨೦೨೫ರ ಆಗಸ್ಟಿನಲ್ಲಿ ಬಂದ ಡೆಬಿಯನ್ ೧೩ರಲ್ಲಿಯೂ ಅವುಗಳಿಗೆ ಸ್ಥಾಪನಾ ವ್ಯವಸ್ಥೆಯಿಲ್ಲ. ಅಂತಹ ಯಂತ್ರಕ್ಕೆ ಇನ್ನು ಹಣ ಸುರಿಯದಿರುವುದೇ ಲೇಸು.

ಮೂರನೆಯ ಪ್ರಶ್ನೆ: ಕೆಲಸ

ಮನೆಯ ಕೆಲಸಗಳಲ್ಲಿ ಬಹುಪಾಲು ಬ್ರೌಸರಿನಲ್ಲಿಯೇ ಮುಗಿಯುತ್ತವೆ. ಫೈರ್‌ಫಾಕ್ಸ್ ಉಂಟು, ಕ್ರೋಮ್ ಉಂಟು, ಮಕ್ಕಳ ತರಗತಿಗೆ ಜೂಮ್ ಉಂಟು. ಪತ್ರ, ಅರ್ಜಿ, ಲೆಕ್ಕದ ಹಾಳೆಗಳಿಗೆ ಲಿಬ್ರೆಆಫೀಸ್ ಇದೆ. ವರ್ಡ್ ಮತ್ತು ಎಕ್ಸೆಲ್ ಕಡತಗಳನ್ನು ಅದು ತೆರೆಯುತ್ತದೆ.

ಕನ್ನಡದ ವಿಷಯದಲ್ಲಿ ಅಳುಕು ಬೇಡ. ಕೀಲಿಮಣೆಗಳ ಪಟ್ಟಿಯಲ್ಲಿ ಇನ್‌ಸ್ಕ್ರಿಪ್ಟ್ ವಿನ್ಯಾಸವಲ್ಲದೆ ಕಗಪ ವಿನ್ಯಾಸವೂ ಸಿಗುತ್ತದೆ. ನುಡಿಯಲ್ಲಿ ಬೆರಳು ಪಳಗಿದವರಿಗೆ ಹೊಸದಾಗಿ ಕಲಿಯುವ ಶ್ರಮ ಹೆಚ್ಚಿಲ್ಲ. ಲೋಹಿತ್, ಗುಬ್ಬಿ, ನವಿಲು ಮೊದಲಾದ ಯೂನಿಕೋಡ್ ಅಕ್ಷರರೂಪಗಳನ್ನು ಉಚಿತವಾಗಿ ಪಡೆಯಬಹುದು. ನುಡಿ ಅಥವಾ ಬರಹದ ಹಳೆಯ ಕಡತಗಳಿದ್ದರೆ ಮಾತ್ರ ಎಚ್ಚರ ಬೇಕು. ಯೂನಿಕೋಡಿಗೆ ಮೊದಲಿನ ಪದ್ಧತಿಯಲ್ಲಿ ಬರೆದ ಕಡತಗಳು ಆಯಾ ಅಕ್ಷರರೂಪವಿಲ್ಲದಿದ್ದರೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಆ ಅಕ್ಷರರೂಪದ ಕಡತವನ್ನೂ ಜೊತೆಯಲ್ಲಿ ನಕಲು ಮಾಡಿಟ್ಟುಕೊಂಡು ಹೊಸ ಯಂತ್ರದಲ್ಲಿ ಸೇರಿಸಿದರೆ ಓದಲು ಬರುತ್ತದೆ. ಆಮೇಲೆ ಪರಿವರ್ತಕದ ನೆರವಿನಿಂದ ಯೂನಿಕೋಡಿಗೆ ತಿರುಗಿಸಿಕೊಳ್ಳಬಹುದು.

ಕಚೇರಿಯ ಮಾತು ಬೇರೆ. ಟ್ಯಾಲಿಯನ್ನು ವಿಂಡೋಸ್‌ಗಾಗಿ ರಚಿಸಲಾಗಿದೆ. ಎಕ್ಸೆಲ್ ಕಡತದೊಳಗೆ ಮ್ಯಾಕ್ರೋಗಳಿದ್ದರೆ ಲಿಬ್ರೆಆಫೀಸಿನಲ್ಲಿ ಅವೆಲ್ಲವೂ ನಡೆಯುವುವೆಂದು ಹೇಳಲಾಗದು. ಡಿಜಿಟಲ್ ಸಹಿಯ ಟೋಕನ್, ಬೆರಳಚ್ಚಿನ ಯಂತ್ರ, ಕೆಲವು ಪ್ರಿಂಟರುಗಳು ತಮ್ಮ ಚಾಲಕ ತಂತ್ರಾಂಶ ಲಿನಕ್ಸಿಗೆ ಇದ್ದರೆ ಮಾತ್ರ ಕೆಲಸ ಮಾಡುತ್ತವೆ. ಆದುದರಿಂದ ಮನೆಯಲ್ಲಿ ಕುಳಿತು ಟ್ಯಾಲಿಯಲ್ಲಿ ಲೆಕ್ಕ ಬರೆದು ನಾಲ್ಕು ಕಾಸು ಸಂಪಾದಿಸುವವರು ವಿಂಡೋಸನ್ನು ಅಳಿಸಿಬಿಡುವ ಅವಸರ ಮಾಡಕೂಡದು. ಒಂದೇ ಯಂತ್ರದಲ್ಲಿ ಎರಡನ್ನೂ ಇರಿಸಿಕೊಂಡು, ಬೇಕಾದುದನ್ನು ಆರಿಸಿ ತೆರೆಯುವ ವ್ಯವಸ್ಥೆ ಉಂಟು. ಪೋಷಣೆ ಮುಗಿದ ವಿಂಡೋಸನ್ನು ಲೆಕ್ಕಕ್ಕಷ್ಟೇ ಬಳಸಿ, ಅದರಲ್ಲಿ ಅಂತರಜಾಲವನ್ನು ಕಡಿದಿಟ್ಟು, ಬ್ಯಾಂಕು ಮತ್ತು ಅಂಚೆಯನ್ನು ಲಿನಕ್ಸಿನಲ್ಲಿ ನೋಡಿಕೊಳ್ಳುವುದು ಮೇಲು.

ಕಚೇರಿಯ ಯಂತ್ರಕ್ಕೆ ಮೇಲಧಿಕಾರಿಗಳ ಅಪ್ಪಣೆಯಿಲ್ಲದೆ ಏನನ್ನೂ ಹಾಕಬೇಡಿ. ಎಷ್ಟೇ ಒಳ್ಳೆಯ ಉದ್ದೇಶವಿದ್ದರೂ ಯಂತ್ರ ನಮ್ಮದಲ್ಲ. ಒಂದು ದಿನದ ಬಿಲ್ಲುಗಳು ನಿಂತರೂ ಉತ್ತರ ಹೇಳಬೇಕಾದವರು ನಾವೇ. ಸಲಹೆ ಕೇಳಿದರೆ ಹೀಗೆ ಹೇಳಬಹುದು: ಮೇಜಿನ ಮೇಲಿನ ಯಂತ್ರಗಳಿಗೆ ಉಬುಂಟುವಿನ ದೀರ್ಘ ಆವೃತ್ತಿ ಅಥವಾ ಮಿಂಟ್, ಸರ್ವರಿಗೆ ಡೆಬಿಯನ್, ಉಬುಂಟು ದೀರ್ಘ ಆವೃತ್ತಿ ಅಥವಾ ಆಲ್ಮಾ, ಟ್ಯಾಲಿಗೆಂದು ವಿಂಡೋಸಿನ ಒಂದು ಯಂತ್ರ. ಎಲ್ಲ ಮೇಜುಗಳಲ್ಲಿಯೂ ಒಂದೇ ವಿತರಣೆ ಇರಲಿ. ಕಲಿಸುವುದೂ ರಿಪೇರಿಯೂ ಸುಲಭ. ಇದು ಸಾಧ್ಯವೇ ಎಂಬ ಸಂಶಯ ಬಂದರೆ ನೆರೆಯ ಕೇರಳವನ್ನು ನೋಡಿ. ಅಲ್ಲಿಯ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ವರ್ಷಗಳಿಂದ ಉಬುಂಟುವಿನ ಮೇಲೆ ಕಟ್ಟಿದ ವಿತರಣೆಯಲ್ಲಿಯೇ ಪಾಠ ಕಲಿಯುತ್ತಿದ್ದಾರೆ.

ಹಾಕುವ ಮೊದಲು ನೋಡುವುದು

ಲಿನಕ್ಸಿನ ದೊಡ್ಡ ಅನುಕೂಲವೆಂದರೆ, ಹಾಕದೆಯೇ ಪರೀಕ್ಷಿಸಿ ನೋಡಬಹುದು. ಎಂಟು ಗಿಗಾಬೈಟಿನ ಪೆನ್ ಡ್ರೈವ್ ಸಾಕು. ವಿತರಣೆಯವರ ಸ್ವಂತ ತಾಣದಿಂದಲೇ ಕಡತವನ್ನು ಇಳಿಸಿಕೊಳ್ಳಿ. ಪೆನ್ ಡ್ರೈವಿನಲ್ಲಿ ಮೊದಲು ಇದ್ದುದೆಲ್ಲ ಅಳಿಸಿಹೋಗುವುದೆಂಬುದು ನೆನಪಿರಲಿ. ರೂಫಸ್‌ನಂತಹ ತಂತ್ರಾಂಶದಿಂದ ಅದಕ್ಕೆ ಕಡತವನ್ನು ಬರೆದು, ಯಂತ್ರವನ್ನು ಅದರಿಂದಲೇ ಶುರುಮಾಡಿದರೆ ಲಿನಕ್ಸ್ ತೆರೆದುಕೊಳ್ಳುತ್ತದೆ. 'ಸ್ಥಾಪಿಸು' ಎಂಬುದನ್ನು ಒತ್ತುವವರೆಗೆ ಹಾರ್ಡ್ ಡಿಸ್ಕಿನಲ್ಲಿರುವುದು ಹಾಗೆಯೇ ಇರುತ್ತದೆ. ವೈಫೈ ಹಿಡಿಯುತ್ತದೆಯೆ, ಧ್ವನಿ ಬರುತ್ತದೆಯೆ, ಪ್ರಿಂಟರು ಮುದ್ರಿಸುತ್ತದೆಯೆ, ಕನ್ನಡ ಮೂಡುತ್ತದೆಯೆ, ಬ್ಯಾಂಕಿನ ತಾಣ ತೆರೆಯುತ್ತದೆಯೆ ಎಂದು ಒಂದು ಭಾನುವಾರ ಕುಳಿತು ನೋಡಿ. ಒಂದು ವಿತರಣೆಯಲ್ಲಿ ವೈಫೈ ಹಿಡಿಯದಿದ್ದರೆ ಮತ್ತೊಂದನ್ನು ನೋಡಬಹುದು.

ಸ್ಥಾಪಿಸುವ ಮೊದಲು ನಿಮ್ಮ ಫೋಟೋ, ಪತ್ರ, ಲೆಕ್ಕಗಳನ್ನು ಎರಡು ಬೇರೆ ಬೇರೆ ಸ್ಥಳಗಳಲ್ಲಿ ನಕಲು ಮಾಡಿಟ್ಟು, ಆ ನಕಲುಗಳು ತೆರೆಯುತ್ತವೆಯೆ ಎಂದು ಬೇರೆ ಯಂತ್ರದಲ್ಲಿ ಪರೀಕ್ಷಿಸಿ. ಈ ಮಾತನ್ನು ಪುಸ್ತಕ ನೋಡಿ ಬರೆಯುತ್ತಿಲ್ಲ. ಮೊದಲ ಸಲ ನಾನು ಲಿನಕ್ಸ್ ಹಾಕಿದಾಗ ಉತ್ಸಾಹದಲ್ಲಿ 'ಡಿಸ್ಕನ್ನು ಅಳಿಸು' ಎಂಬುದನ್ನು ಒತ್ತಿಬಿಟ್ಟೆ. ಊರಿಗೆ ಹೋದಾಗಲೆಲ್ಲ ನನ್ನ ತಾಯಿ ಹೇಳಿ ಬರೆಸಿದ್ದ ಹಾಡುಗಳ ಕಡತವೊಂದು ಅದರಲ್ಲಿತ್ತು. ಹೊಸ ವ್ಯವಸ್ಥೆ ಸೊಗಸಾಗಿ ನಡೆಯಿತು. ಹಾಡುಗಳನ್ನು ಮತ್ತೆ ಬರೆಸಿಕೊಳ್ಳೋಣವೆಂದರೆ ಈಗ ತಾಯಿಯಿಲ್ಲ.

ಅಭ್ಯಾಸ

ಆಯ್ಕೆಗೆ ಮೊದಲು ಒಂದು ಹಾಳೆಯಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ:

೧. ಯಂತ್ರ ೬೪ ಬಿಟ್‌ನದೆ? ರ‍್ಯಾಮ್ ಎಷ್ಟು?
೨. ಮನೆಯವರೆಲ್ಲರೂ ವಾರದಲ್ಲಿ ಅದರಿಂದ ಮಾಡುವ ಕೆಲಸಗಳು ಯಾವುವು? ವಿಂಡೋಸ್ ಇಲ್ಲದೆ ನಡೆಯದ ಕೆಲಸ ಯಾವುದಾದರೂ ಇದೆಯೆ?
೩. ಆರಿಸಿದ ಆವೃತ್ತಿಯ ಪೋಷಣೆ ಯಾವ ವರ್ಷದವರೆಗೆ?
೪. ಅಡಚಣೆ ಬಂದರೆ ಕೇಳಲು ಹತ್ತಿರದಲ್ಲಿ ಯಾರಿದ್ದಾರೆ? ಅವರು ಬಳಸುವ ವಿತರಣೆ ಯಾವುದು?
೫. ನಕಲುಗಳು ಎರಡು ಕಡೆ ಇವೆಯೆ?

ನಾಲ್ಕನೆಯ ಪ್ರಶ್ನೆಯನ್ನು ಹಗುರವಾಗಿ ಕಾಣಬೇಡಿ. ಪಕ್ಕದ ಖೋಲಿಯ ಹುಡುಗನಿಗೆ ಉಬುಂಟು ಚೆನ್ನಾಗಿ ಗೊತ್ತಿದ್ದರೆ ನಿಮಗೂ ಉಬುಂಟುವೇ ಸರಿ. ಯಾರೂ ಇಲ್ಲದಿದ್ದರೆ, ವಿಂಡೋಸಿನಿಂದ ಬರುವವರಿಗೆ ಮೆನುಗಳು ಪರಿಚಿತವಾಗಿ ಕಾಣುವುದರಿಂದ, ಮಿಂಟ್‌ನಿಂದ ಆರಂಭಿಸಿ. ಹಾಳೆಯನ್ನು ಹರಿದೆಸೆಯಬೇಡಿ, ಸ್ಥಾಪಿಸಿದ ದಿನವನ್ನೂ ಪೋಷಣೆ ಮುಗಿಯುವ ವರ್ಷವನ್ನೂ ಅದರ ಮೇಲೆ ಬರೆದು, ಯಂತ್ರದ ಬಿಲ್ಲಿನ ಜೊತೆಗೆ ಇಟ್ಟುಕೊಳ್ಳಿ. ಮುಂದಿನ ಸಲ ಆವೃತ್ತಿ ಬದಲಿಸುವಾಗ ಅದೇ ಹಾಳೆಯಿಂದ ಕೆಲಸ ಆರಂಭಿಸಬಹುದು.