ಕೆಮ್ಮಿನ ಬಾಯಿ ಮುಚ್ಚಿಸುವ ಮೊದಲು

ಅಡುಗೆಮನೆಯಲ್ಲಿ ಒಣಮೆಣಸಿನಕಾಯಿ ಒಗ್ಗರಣೆ ಸೀದರೆ ಪಡಸಾಲೆಯಲ್ಲಿ ಕೂತವರಿಗೂ ಘಾಟು ಬಡಿದು ಕೆಮ್ಮು ಬರುತ್ತದಲ್ಲ, ಅದು ನಿಮ್ಮ ಶ್ವಾಸನಾಳದ ನರಗಳ ಕೆಲಸ. ಮಿದುಳಿನಿಂದ ಕುತ್ತಿಗೆಯಲ್ಲಿ ಇಳಿದು ಎದೆಗೆ ಬರುವ ವೇಗಸ್ ನರದ ಎಳೆಗಳವು. ಖಾರವನ್ನೂ ಸುಡುವ ಬಿಸಿಯನ್ನೂ ಗುರುತಿಸುವ ಟಿಆರ್‌ಪಿವಿ1 ಎಂಬ ಗ್ರಾಹಕ ಅವುಗಳಲ್ಲಿ ಅನೇಕ ಎಳೆಗಳಲ್ಲಿದೆ. ಅದನ್ನು ಪತ್ತೆಹಚ್ಚಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು.

ಈ ನರಗಳು ಕೆಮ್ಮಿಸಿ ಸುಮ್ಮನಾಗುವುದಿಲ್ಲ. ತಮ್ಮ ತುದಿಗಳಿಂದ ಕೆಲವು ರಾಸಾಯನಿಕಗಳನ್ನು ಬಿಟ್ಟು ಶ್ವಾಸಕೋಶದ ರಕ್ಷಣಾ ಕೋಶಗಳಿಗೂ ಸೂಚನೆ ಕೊಡುತ್ತವೆ. ಇಲಿಗಳಲ್ಲಿ ಈ ನರಗಳನ್ನು ತೆಗೆದು ಫ್ಲೂ ವೈರಸ್ ಸೋಂಕಿಸಿದಾಗ ಕಾಯಿಲೆ ಇನ್ನಷ್ಟು ಜೋರಾಯಿತು. ರಕ್ಷಣೆಗೆ ಬಂದ ಬಿಳಿ ರಕ್ತಕಣಗಳೇ ಹದ ತಪ್ಪಿದವು. ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾದ ನ್ಯುಮೋನಿಯಾದಲ್ಲಿ ಮಾತ್ರ ಉಲ್ಟಾ. ಅಲ್ಲಿ ಇವೇ ನರಗಳು ಬಿಳಿ ಕಣಗಳನ್ನು ತಡೆಹಿಡಿಯುತ್ತಿದ್ದವು, ಇವಿಲ್ಲದ ಇಲಿಗಳೇ ಹೆಚ್ಚು ಬದುಕಿದವು. ಇಷ್ಟು ನಾಜೂಕಿನ ವ್ಯವಸ್ಥೆ ಇದು. ‘ವೇಗಸ್ ನರ ಚುರುಕು ಮಾಡಿ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತೇವೆ’ ಎಂದು ಯಾರಾದರೂ ಪುಡಿ, ಯಂತ್ರ ಮಾರಲು ಬಂದರೆ ದಯವಿಟ್ಟು ದುಡ್ಡು ಕೊಡಬೇಡಿ.

ನಿಮ್ಮ ಕೈಲಾಗುವುದು ಬೇರೆ ಇದೆ. ಮೊದಲು ಹೊಗೆಯಿಂದ ದೂರವಿರಿ. ಬೀಡಿ, ಸಿಗರೇಟು ಈ ನರಗಳನ್ನು ದಿನವೂ ಕೆರಳಿಸುತ್ತವೆ, ಕಫವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳನ್ನೂ ಹಾಳುಮಾಡುತ್ತವೆ. ಸೇದದವರು ಬೀಗಬೇಡಿ. ಕಿಟಕಿ ಬಾಗಿಲು ಭದ್ರ ಮಾಡಿ, ಮಗು ಮಲಗಿದ ಕೋಣೆಯಲ್ಲಿ ಸೊಳ್ಳೆ ಬತ್ತಿ ಹಚ್ಚುತ್ತೀರಲ್ಲ, ಅದೂ ಹೊಗೆಯೇ. ಸೊಳ್ಳೆ ಪರದೆ ಕಟ್ಟಿ.

ಕೆಮ್ಮು ಶುರುವಾದ ಕೂಡಲೇ ಅಂಗಡಿಗೆ ಓಡಿ ಸಿರಪ್ ತಂದು ಕುಡಿಯುವ ಚಾಳಿಯನ್ನೂ ಬಿಡಿ. ಕಫ ಬರುವ ಕೆಮ್ಮು ಬರಲಿ, ಅದು ಹೊರಹಾಕುವ ಕೆಲಸ ಮಾಡುತ್ತಿದೆ. ರಾತ್ರಿಯಿಡೀ ನಿದ್ದೆ ಕೆಡಿಸುವ ಒಣಕೆಮ್ಮಿಗೆ ಬಿಸಿನೀರು, ಒಂದು ಚಮಚ ಜೇನುತುಪ್ಪ ಸಾಕಾಗಬಹುದು. ವರ್ಷ ತುಂಬದ ಕೂಸಿಗೆ ಮಾತ್ರ ಜೇನು ನೆಕ್ಕಿಸಲೇಬೇಡಿ. ಚಿಕ್ಕ ಮಕ್ಕಳಿಗೆ ವೈದ್ಯರು ಹೇಳದೆ ಯಾವ ಸಿರಪ್ಪೂ ಬೇಡ. ಉಳಿದಿದ್ದ ಆ್ಯಂಟಿಬಯಾಟಿಕ್ ಮಾತ್ರೆ ಹುಡುಕಿ ನುಂಗುವುದಂತೂ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಆ ಔಷಧ ಬ್ಯಾಕ್ಟೀರಿಯಾಕ್ಕೆ. ವೈರಸ್ ಅದಕ್ಕೆ ಜಗ್ಗುವುದಿಲ್ಲ.

ಫ್ಲೂ ಬಂದಾಗ ಊಟ ಸೇರುವುದಿಲ್ಲ, ಮೈ ಹಾಸಿಗೆ ಬೇಡುತ್ತದೆ. ಇದೂ ನರಗಳ ಮಾತೇ. ಸೋಂಕು ತಗುಲಿದ ಜಾಗದಲ್ಲಿ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಉಂಟಾಗಿ, ಗಂಟಲ ಹಿಂಭಾಗದ ನರಗಳು ಅದನ್ನು ಗ್ರಹಿಸಿ ಮಿದುಳಿಗೆ ತಿಳಿಸುತ್ತವೆ ಎಂದು ಇಲಿಗಳಲ್ಲಿ ಕಂಡುಕೊಂಡಿದ್ದಾರೆ. ವೈದ್ಯರು ಹೇಳಿದ್ದೂ ಹಾಲು ಅನ್ನ, ರೋಗಿ ಬಯಸಿದ್ದೂ ಹಾಲು ಅನ್ನ ಎನ್ನುತ್ತಾರಲ್ಲ, ಹಾಗೆ ಮೈ ಕೇಳುವುದೂ ವೈದ್ಯರು ಹೇಳುವುದೂ ವಿಶ್ರಾಂತಿಯನ್ನೇ. ಪ್ಯಾರಾಸಿಟಮಾಲ್ ಬೇಡವೆನ್ನುತ್ತಿಲ್ಲ, ಆದರೆ ಅದನ್ನು ನುಂಗಿ ಆಫೀಸಿಗೆ ಓಡಿ ನಾಲ್ಕು ಜನರಿಗೆ ಸೋಂಕು ಹಂಚಬೇಡಿ.

ಅರವತ್ತು ದಾಟಿದವರು, ಆಸ್ತಮಾ, ಸಕ್ಕರೆ ಕಾಯಿಲೆ ಇದ್ದವರು, ಗರ್ಭಿಣಿಯರು ಪ್ರತಿ ವರ್ಷ ಫ್ಲೂ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಏನು ಫಲ? ಕೆಮ್ಮು ಎರಡು ವಾರ ದಾಟಿದರೆ ಕ್ಷಯದ ಕಫ ಪರೀಕ್ಷೆ ಮಾಡಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಉಸಿರು ಕಟ್ಟಿದರೆ, ಕಫದಲ್ಲಿ ರಕ್ತ ಕಂಡರೆ, ತುಟಿ ನೀಲಿಯಾದರೆ ಬೆಳಗಾಗಲಿ ಎಂದು ಕಾಯಬೇಡಿ, ಆಗಲೇ 108ಕ್ಕೆ ಫೋನ್ ಮಾಡಿ.