ಕೊಲೆಸ್ಟ್ರಾಲ್ ಗುಳಿಗೆಯ ಜೊತೆ ಅಣಬೆ ಪುಡಿ ಬೇಕೇ?

ಕಪ್ಪತಗುಡ್ಡದ ಆಸುಪಾಸಿನ ನಮಗೆ ಗಿಡಮೂಲಿಕೆಗಳ ಮೇಲೆ ನಂಬಿಕೆ ಹೆಚ್ಚು. ಹೀಗಾಗಿ ‘ಔಷಧೀಯ ಅಣಬೆ’ಯ ಪುಡಿ, ಕ್ಯಾಪ್ಸೂಲುಗಳನ್ನು ಪರಿಚಯದವರು ಮನೆಗೆ ತಂದಾಗ ಬೇಡವೆನ್ನುವವರು ಕಡಿಮೆ. ‘ನೈಸರ್ಗಿಕ, ಅಡ್ಡ ಪರಿಣಾಮವಿಲ್ಲ’ ಎಂಬ ಮಾತೂ ಜೊತೆಗೇ ಬರುತ್ತದೆ.

ಶಿರಹಟ್ಟಿ ಕಡೆಯ ರೈತರೊಬ್ಬರು ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರು. ಅಟೋರ್ವಾಸ್ಟಾಟಿನ್, ಆಸ್ಪಿರಿನ್ ಗುಳಿಗೆಗಳನ್ನು ತಪ್ಪದೆ ನುಂಗುತ್ತಿದ್ದರು. ಒಂದು ದಿನ ತೊಡೆನೋವು, ಮೆಟ್ಟಿಲು ಹತ್ತಲಾಗದು ಎಂದು ಬಂದರು. ಬಿತ್ತನೆಯ ದಣಿವೆಂದೇ ಅವರ ಎಣಿಕೆ. ಬೇರೇನು ತೆಗೆದುಕೊಳ್ಳುತ್ತೀರಿ ಎಂದು ಕೇಳಿದರೆ, “ಔಷಧ ಏನೂ ಇಲ್ಲರಿ, ಅಣಬಿ ಕ್ಯಾಪ್ಸೂಲ್ ಅಷ್ಟ” ಎಂದರು. ಡಬ್ಬಿ ತರಿಸಿ ನೋಡಿದೆ. ಅಣಬೆಯ ಜೊತೆ ‘ಕೆಂಪು ಯೀಸ್ಟ್ ಅಕ್ಕಿ’ಯೂ ಇತ್ತು.

ಈ ಅಕ್ಕಿಯನ್ನು ಒಂದು ಬಗೆಯ ಬೂಷ್ಟಿನಿಂದ ಹುದುಗಿಸುತ್ತಾರೆ. ಆಗ ಉಂಟಾಗುವ ಮೊನಾಕೊಲಿನ್-ಕೆ ಬೇರೇನಲ್ಲ, 1987ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಲೋವಾಸ್ಟಾಟಿನ್ ಔಷಧವೇ. ಸ್ಟಾಟಿನ್‌ಗಳ ಹುಟ್ಟೇ ಬೂಷ್ಟಿನಲ್ಲಿ. ಜಪಾನಿನ ಅಕಿರಾ ಎಂಡೊ 1973ರಲ್ಲಿ ಮೊದಲ ಸ್ಟಾಟಿನ್ ಕಂಡುಹಿಡಿದದ್ದು ಪೆನಿಸಿಲಿಯಂ ಬೂಷ್ಟಿನಲ್ಲಿಯೇ. ಅಂದರೆ ನಮ್ಮ ರೈತರು ತಿಳಿಯದೆ ಎರಡು ಸ್ಟಾಟಿನ್ ನುಂಗುತ್ತಿದ್ದರು. ಇದರಿಂದ ಸ್ನಾಯುಗಳಿಗೂ ಯಕೃತ್ತಿಗೂ ತೊಂದರೆಯಾಗುವ ಸಂಭವ ಹೆಚ್ಚುತ್ತದೆ. ರಕ್ತಪರೀಕ್ಷೆ ಮಾಡಿಸಿ, ಕ್ಯಾಪ್ಸೂಲು ನಿಲ್ಲಿಸಿದೆವು. ಕೆಲವು ವಾರಗಳಲ್ಲಿ ನೋವು ಇಳಿಯಿತು.

ಗ್ಯಾನೋಡರ್ಮಾ ಅಥವಾ ರೀಶಿ ಎಂಬ ಅಣಬೆಯ ವಿಷಯ ಬೇರೆ. ಅದು ಕೊಲೆಸ್ಟ್ರಾಲ್ ಇಳಿಸುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಆದರೆ ಆಸ್ಪಿರಿನ್, ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ರಕ್ತಸ್ರಾವದ ಅಪಾಯ ಹೆಚ್ಚಿಸಬಹುದು. ಅದರ ಪುಡಿಯಿಂದ ಯಕೃತ್ತಿಗೆ ಹಾನಿಯಾದ ವರದಿಗಳೂ ಉಂಟು.

ಹಾಗೆಂದು ಮನೆಯಲ್ಲಿ ಮಾಡುವ ಅಣಬೆ ಪಲ್ಯಕ್ಕೆ ಹೆದರಬೇಕಿಲ್ಲ. ಅಂಗಡಿಯ ಬೇಸಾಯದ ಅಣಬೆಯನ್ನು ಚೆನ್ನಾಗಿ ಬೇಯಿಸಿ ಊಟದ ಪ್ರಮಾಣದಲ್ಲಿ ತಿನ್ನಬಹುದು. ಎಚ್ಚರ ಬೇಕಾದದ್ದು ಪುಡಿ, ಸಾರ, ಕ್ಯಾಪ್ಸೂಲುಗಳ ಬಗ್ಗೆ.

ಇಷ್ಟು ನೆನಪಿಡಿ:

1. ಪುಡಿ ಆರಂಭಿಸುವ ಮೊದಲೇ ಡಬ್ಬಿಯನ್ನು ವೈದ್ಯರಿಗೆ ತೋರಿಸಿ.

2. ಸ್ಟಾಟಿನ್ ಜೊತೆ ಕೆಂಪು ಯೀಸ್ಟ್ ಅಕ್ಕಿ ಬೇಡವೇ ಬೇಡ.

3. ಪುಡಿಯನ್ನು ನಂಬಿ ಗುಳಿಗೆ ಬಿಡಬೇಡಿ. ಸ್ಟೆಂಟ್ ಹಾಕಿಸಿಕೊಂಡವರಿಗೆ ಇದು ಜೀವದ ಪ್ರಶ್ನೆ.

4. ಹಲ್ಲು ಕೀಳಿಸುವ, ಶಸ್ತ್ರಚಿಕಿತ್ಸೆ ಮಾಡಿಸುವ ಮುನ್ನ ಪುಡಿಯ ವಿಷಯ ಹೇಳಿ.

5. ತೀವ್ರ ಸ್ನಾಯುನೋವು, ನಿಶ್ಶಕ್ತಿ, ಚಹದ ಬಣ್ಣದ ಮೂತ್ರ ಅಥವಾ ಕಣ್ಣು ಹಳದಿಯಾಗುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಡಬ್ಬಿಯ ಮೇಲಿನ ಆಹಾರ ಪರವಾನಗಿ ಸಂಖ್ಯೆ ರೋಗ ವಾಸಿಮಾಡುವ ಪ್ರಮಾಣಪತ್ರವಲ್ಲ. ಮನೆಯ ಹಿರಿಯರು ಏನೇನು ತೆಗೆದುಕೊಳ್ಳುತ್ತಿದ್ದಾರೆಂದು ಇಂದೇ ಕೇಳಿ ನೋಡಿ.